ಮನೆಯೊಳಗಿನ ಬೆಕ್ಕು ಕಂಡಕಂಡಲ್ಲಿ ಮೂತ್ರ ಮಾಡುವುದೇಕೆ?



ಅಡಿಕೆಯ ಕೊಳೆರೋಗ, ತೆಂಗಿನ ಕೆಂಪುಮೂತಿ ಹುಳು, ಮಳೆಗಾಲದ ಜ್ವರ ಇವುಗಳ ಬಗ್ಗೆ ಓದಿ ರೂಢಿಯಾದ ಈ ಪುಟದಲ್ಲಿ ಬೆಕ್ಕಿನ ಮೂತ್ರದ ವಿಚಾರ ಕಂಡು ಕೆಲವರಿಗೆ ನಗು ಬಂದೀತು. ಆದರೆ ಮನೆ ಆಶೀರ್ವಾದಕ್ಕೆಂದೋ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಡಲೆಂದೋ ನಾವು ಮನೆಗಳಿಗೆ ಹೋದಾಗ ಹೊಸ್ತಿಲು ದಾಟುತ್ತಿದ್ದಂತೆ ಮೂಗಿಗೆ ಬಡಿಯುವ ಆ ವಾಸನೆ, ಅದನ್ನು ಮುಚ್ಚಲು ಅವಸರದಲ್ಲಿ ಹಚ್ಚಿದ ಊದುಬತ್ತಿ, ಮನೆಯವರ ಮುಜುಗರ ಇವನ್ನೆಲ್ಲ ಕಂಡ ಮೇಲೆ ಇದು ನಗುವ ವಿಷಯವಲ್ಲವೆಂದು ನಮಗೆ ಅನಿಸಿದೆ. ಮೇಲಾಗಿ, ಈ ಒಂದು ಕಾರಣಕ್ಕಾಗಿಯೇ ವರ್ಷಗಟ್ಟಲೆ ಸಾಕಿದ ಬೆಕ್ಕನ್ನು ಗೋಣಿಯಲ್ಲಿ ತುಂಬಿಸಿ ಮೀನು ಮಾರ್ಕೆಟಿನ ಹಿಂದೆ ಬಿಟ್ಟುಬರುವವರು ನಮ್ಮ ನಡುವೆ ಇದ್ದಾರೆ. ಹಾಗೆ ಮಾಡುವ ಮೊದಲು ಕಾರಣವೇನೆಂದು ಒಮ್ಮೆ ಯೋಚಿಸಿದರೆ ಹೆಚ್ಚಿನ ಮನೆಗಳಲ್ಲಿ ಹತ್ತಿಪ್ಪತ್ತು ದಿನಗಳೊಳಗೆ ಪರಿಹಾರ ಸಿಗುತ್ತದೆ. ಆ ಕಾರಣಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಮಾತು. ಹಿಂದಿನ ಕಾಲದಲ್ಲಿ ಕಾಸರಗೋಡು, ಮಂಜೇಶ್ವರದ ಕಡೆಯ ನಮ್ಮ ಮನೆಗಳಲ್ಲಿ ಈ ತೊಂದರೆ ಇಷ್ಟಾಗಿ ಇರಲಿಲ್ಲ. ಬೆಕ್ಕು ಹಗಲಿಡೀ ಹೊರಗೆ ತಿರುಗುತ್ತಿತ್ತು. ಹಟ್ಟಿಯ ಬದಿ, ತೋಟದ ಬುಡ, ಬೂದಿ ರಾಶಿ, ಒಣ ತರಗೆಲೆಯ ಗುಡ್ಡೆ ಎಲ್ಲವೂ ಅದಕ್ಕೆ ಶೌಚಾಲಯವೇ ಆಗಿದ್ದವು. ಈಗ ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ, ಮನೆಯ ಸುತ್ತ ಸಿಮೆಂಟು ಹಾಕಿದ್ದೇವೆ, ಒಲೆಯ ಜಾಗದಲ್ಲಿ ಗ್ಯಾಸ್ ಇದೆ. ಬೀದಿನಾಯಿಗಳ ಕಾಟ ಮತ್ತು ರಸ್ತೆಯ ವಾಹನಗಳ ಭಯದಿಂದ ಬೆಕ್ಕನ್ನು ಒಳಗೇ ಇಟ್ಟು ಬಾಗಿಲು ಹಾಕುವವರು ಹೆಚ್ಚಾಗಿದ್ದಾರೆ. ಮಕ್ಕಳು ಊರಿನಿಂದ ದೂರ ಕೆಲಸದಲ್ಲಿರುವಾಗ ಒಬ್ಬಂಟಿಯಾಗಿರುವ ಅಜ್ಜ ಅಜ್ಜಿಯರಿಗೆ ಬೆಕ್ಕೇ ಒಂದು ಜೊತೆ. ಅಂದರೆ ಬೆಕ್ಕಿನ ಜೀವನಕ್ರಮವನ್ನು ಬದಲಿಸಿದವರು ನಾವು; ಆದರೆ ಅದಕ್ಕೆ ಬೇಕಾದ ಬದಲಿ ವ್ಯವಸ್ಥೆ ಮಾಡಿಕೊಡಲು ಮರೆತಿದ್ದೇವೆ. ಇನ್ನು ಜೂನ್ ತಿಂಗಳು ಬಂತೆಂದರೆ ಹೊರಗೆ ಹೋಗುವ ಬೆಕ್ಕು ಕೂಡ ಒಳಗೆ ಒದ್ದೆ ಮಾಡತೊಡಗುತ್ತದೆ. ಒಣ ಮಣ್ಣು ಸಿಗದೆ ಅಂಗಳವೆಲ್ಲ ಕೆಸರಾದಾಗ ಅದು ಅಡಿಕೆಯ ಗೋಣಿ, ಹಳೆಯ ಬಟ್ಟೆಯ ಗಂಟು, ಹಾಸಿಗೆ ಹೀಗೆ ಮೆತ್ತಗಿನ, ನೀರು ಹೀರುವ ಜಾಗಗಳನ್ನು ಹುಡುಕುತ್ತದೆ. ಇದು ಹಟವೂ ಅಲ್ಲ, ಸೇಡೂ ಅಲ್ಲ.

ಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಒಣಭೂಮಿಯ ಕಾಡುಬೆಕ್ಕುಗಳು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿ ಸಿಕ್ಕಿದ್ದು 2004ರಲ್ಲಿ ಪ್ರಕಟವಾಯಿತು. ಧಾನ್ಯದ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು, ಹೀಗೆ ಅದು ಮನುಷ್ಯನ ನೆರೆಯವನಾಯಿತು. (ಪವಿತ್ರ ಬೈಬಲಿನಲ್ಲಿ ನಾಯಿ, ಕತ್ತೆ, ಸಿಂಹ ಎಲ್ಲ ಪದೇ ಪದೇ ಬರುತ್ತವೆ; ಬೆಕ್ಕು ಬರುವುದು ಬಾರೂಕನ ಗ್ರಂಥದ ಆರನೆಯ ಅಧ್ಯಾಯದಲ್ಲಿ ಒಂದೇ ಸಲ. ಅಲ್ಲಿಯೂ ಅದು ವಿಗ್ರಹಗಳ ಮೇಲೆ ಹತ್ತಿ ಕೂತಿರುತ್ತದೆ. ಬೆಕ್ಕು ಸಾಕಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.) ಒಣನಾಡಿನ ಪ್ರಾಣಿಯಾದುದರಿಂದ ಅದು ನೀರು ಕುಡಿಯುವುದು ಕಡಿಮೆ. ಅದರ ಮೂತ್ರಪಿಂಡಗಳು ನೀರನ್ನು ಬಿಗಿಯಾಗಿ ಹಿಡಿದಿಟ್ಟು ಮೂತ್ರವನ್ನು ಬಹಳ ಗಾಢವಾಗಿ ಹೊರಗೆ ಕಳುಹಿಸುತ್ತವೆ. ವಾಸನೆ ಅಷ್ಟು ಖಾರವಾಗಿರುವುದಕ್ಕೆ ಇದೂ ಒಂದು ಕಾರಣ. ಬೀಜ ತೆಗೆಯದ ಗಂಡು ಬೆಕ್ಕಿನ ಮೂತ್ರದಲ್ಲಿ ಗಂಧಕಾಂಶವಿರುವ ಒಂದು ವಿಶೇಷ ಪದಾರ್ಥ ಹೆಚ್ಚಾಗಿದ್ದು, ಅದು ಒಡೆದಂತೆಲ್ಲ ದುರ್ವಾಸನೆ ಏರುತ್ತದೆ. ಸಡಿಲವಾದ ಮಣ್ಣನ್ನು ಕೆದಕಿ, ಕೆಲಸ ಮುಗಿಸಿ, ಮುಚ್ಚಿಡುವುದು ಅದರ ಹುಟ್ಟುಗುಣ. ಆದುದರಿಂದ ಮಣ್ಣಿನ ಪೆಟ್ಟಿಗೆಯನ್ನು ಉಪಯೋಗಿಸಲು ಬೆಕ್ಕಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ಆ ಪೆಟ್ಟಿಗೆಯನ್ನು ಬಿಟ್ಟು ಬೇರೆಡೆ ಹೋದರೆ ಪೆಟ್ಟಿಗೆಯಲ್ಲಿ ಏನೋ ಕೊರತೆಯಿದೆ, ಅಥವಾ ಬೆಕ್ಕಿನ ಮೈಯಲ್ಲಿ ಏನೋ ತೊಂದರೆಯಿದೆ ಎಂದು ತಿಳಿಯಬೇಕು.

ಎರಡನೆಯದನ್ನೇ ಮೊದಲು ಹೇಳುತ್ತೇವೆ, ಏಕೆಂದರೆ ಅದರಲ್ಲಿ ಪ್ರಾಣದ ಪ್ರಶ್ನೆಯಿದೆ.

ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ನಾಲ್ಕು ವರ್ಷದ ಗಂಡು ಬೆಕ್ಕೊಂದಿತ್ತು. ಯಾವತ್ತೂ ಒಳಗೆ ಒದ್ದೆ ಮಾಡದ ಅದು ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ, ಆಮೇಲೆ ಸೋಫಾದ ಮೇಲೆ, ಆಮೇಲೆ ಮಗುವಿನ ಚಾಪೆಯ ಮೇಲೆ ಕೂತು ಕೂತು ಏಳತೊಡಗಿತು. ಕೂತಲ್ಲೆಲ್ಲ ಒಂದೆರಡು ಹನಿ ಮಾತ್ರ. ಮನೆಯ ಯಜಮಾನರು ಬೆಕ್ಕಿಗೆ ಮಲಬದ್ಧತೆಯೆಂದು ತಿಳಿದು ಎಣ್ಣೆ ನೆಕ್ಕಿಸಿದರು. ಚಾಪೆ ಒದ್ದೆ ಮಾಡಿದ್ದಕ್ಕೆ ಪೊರಕೆಯ ಪೆಟ್ಟೂ ಬಿತ್ತು. ಸಂಜೆಗೆ ಬೆಕ್ಕು ವಾಂತಿ ಮಾಡಿ ಮಂಚದ ಕೆಳಗೆ ಸೇರಿತು; ಮರುದಿನ ಮುಟ್ಟಿದರೆ ಕೂಗುತ್ತಿತ್ತು; ಮೂರನೆಯ ದಿನ ಬೆಳಿಗ್ಗೆ ಸತ್ತಿತು. ಆ ಮನೆಯ ಹುಡುಗಿ ಇದನ್ನು ನಮಗೆ ಹೇಳಿದ್ದು ಭಾನುವಾರದ ಧರ್ಮೋಪದೇಶ ಮುಗಿದ ಮೇಲೆ. ಪೆಟ್ಟು ತಿಂದಾಗ ಅದಕ್ಕೆ ನೋವಿತ್ತೇ ಎಂಬುದೊಂದೇ ಅವಳ ಪ್ರಶ್ನೆ. ಇತ್ತು. ಅದರ ಮೂತ್ರನಾಳ ಕಟ್ಟಿಹೋಗಿತ್ತು.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಪೂರ. ಸಣ್ಣ ಹರಳು, ಅಥವಾ ಲೋಳೆ ಮತ್ತು ಹರಳಿನ ಪುಡಿ ಸೇರಿ ಆದ ಒಂದು ಬೆಣೆ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಹೊರಬರುವುದಿಲ್ಲ. ಮೂತ್ರಕೋಶ ಕಲ್ಲಿನಂತೆ ಬಿಗಿಯುತ್ತದೆ. ಹೊರಹೋಗಬೇಕಾದ ಕಶ್ಮಲ ರಕ್ತದಲ್ಲೇ ಉಳಿದು, ಪೊಟ್ಯಾಸಿಯಂ ಅಂಶ ಏರಿ, ಕೊನೆಗೆ ಹೃದಯವೇ ನಿಲ್ಲುತ್ತದೆ. ಪೂರ್ತಿ ಕಟ್ಟಿಕೊಂಡ ಮೇಲೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ಮತ್ತೆ ಮತ್ತೆ ಕೂರುವುದು, ತಿಣುಕುವುದು, ಹನಿ ಮಾತ್ರ ಬರುವುದು ಅಥವಾ ಏನೂ ಬಾರದಿರುವುದು, ಮೂತ್ರದಲ್ಲಿ ರಕ್ತ, ಆ ಜಾಗವನ್ನು ಬಿಡದೆ ನೆಕ್ಕುವುದು, ಕೂಗು, ವಾಂತಿ ಇವು ಗಂಡು ಬೆಕ್ಕಿನಲ್ಲಿ ಕಂಡರೆ ನಾಳೆಗೆಂದು ಕಾಯಬಾರದು. ಆ ಗಳಿಗೆಯಲ್ಲೇ ಮೃಗಾಸ್ಪತ್ರೆಗೆ ಒಯ್ಯಬೇಕು. ವೈದ್ಯರು ಸಪೂರ ನಳಿಕೆ ಹಾಕಿ ತಡೆಯನ್ನು ಬಿಡಿಸಬಲ್ಲರು. ಹೆಣ್ಣು ಬೆಕ್ಕಿನ ನಾಳ ಗಿಡ್ಡ ಮತ್ತು ಅಗಲವಾದುದರಿಂದ ಅದಕ್ಕೆ ಈ ಅಪಾಯ ತೀರ ಕಡಿಮೆ. ಮನೆಯಲ್ಲಿರುವ ಜ್ವರದ ಮಾತ್ರೆ ಅರ್ಧ ಮುರಿದು ಕೊಡೋಣವೆಂದು ದಯವಿಟ್ಟು ಯಾರೂ ಯೋಚಿಸಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಅದನ್ನು ಕೊಲ್ಲಲು ಸಾಕು.

ತಡೆ ಇಲ್ಲದೆಯೂ ಮೂತ್ರಕೋಶದಲ್ಲಿ ಉರಿಯೂತ ಬರುವುದುಂಟು. ಹೆಣ್ಣು ಗಂಡು ಎರಡಕ್ಕೂ ಬರುತ್ತದೆ. ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಇಂತಹ ಹೆಚ್ಚಿನ ಪ್ರಕರಣಗಳಿಗೆ ರೋಗಾಣು ಕಾರಣವಲ್ಲವೆಂಬುದು ಈಗ ವೈದ್ಯರಿಗೆ ಗೊತ್ತಾಗಿದೆ. ಮನಸ್ಸಿನ ಒತ್ತಡ ಅಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಬೆಕ್ಕಿಗೆಂತಹ ಮನಸ್ಸಿನ ಒತ್ತಡ ಎಂದು ಕೇಳಬಹುದು. ಮನೆಗೆ ಹೊಸ ನಾಯಿಮರಿ ಬಂತು, ಹೆರಿಗೆಗೆ ಬಂದ ಮಗಳ ಜೊತೆ ಕೂಸು ಬಂತು, ಮನೆಗೆ ಸುಣ್ಣಬಣ್ಣ ಹೊಡೆದು ಸಾಮಾನುಗಳೆಲ್ಲ ಜಾಗ ಬದಲಿಸಿದವು, ಕಿಟಕಿಯಾಚೆ ನೆರೆಮನೆಯ ಗಂಡು ಬೆಕ್ಕು ಬಂದು ಕೂರತೊಡಗಿತು, ಯಾವತ್ತೂ ಅನ್ನ ಹಾಕುತ್ತಿದ್ದ ಅಜ್ಜಿ ಆಸ್ಪತ್ರೆ ಸೇರಿದರು. ಇಷ್ಟೇ ಸಾಕು. ಹಬ್ಬದ ದಿನ ಪಟಾಕಿ ಹೊಡೆದ ಮೇಲೆ ಎರಡು ದಿನ ಬೆಕ್ಕು ಹಾಸಿಗೆಯಲ್ಲಿ ಮೂತ್ರ ಮಾಡಿತೆಂದು ಒಬ್ಬ ಬಾಯಿ ನಮ್ಮಲ್ಲಿ ಹೇಳಿದ್ದುಂಟು. ಅದು ಸುಳ್ಳಲ್ಲ. ಮನುಷ್ಯನ ವಾಸನೆ ಗಾಢವಾಗಿರುವ ಹಾಸಿಗೆ, ಬಟ್ಟೆಗಳು ಹೆದರಿದ ಬೆಕ್ಕಿಗೆ ಧೈರ್ಯ ಕೊಡುವ ಜಾಗಗಳು. ಇಂತಹ ಉರಿಯೂತ ಹೆಚ್ಚಾಗಿ ಒಂದು ವಾರದಲ್ಲಿ ತಾನೇ ಇಳಿಯುತ್ತದೆ, ಆದರೆ ಒತ್ತಡ ಹಾಗೆಯೇ ಉಳಿದರೆ ಮರುಕಳಿಸುತ್ತದೆ. ಊಟದ ಹೊತ್ತು ತಪ್ಪಿಸದಿರುವುದು, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಎತ್ತರದಲ್ಲಿ ಕೂರಲು ಒಂದು ಹಲಗೆ, ದಿನಕ್ಕೆ ಹತ್ತು ನಿಮಿಷ ಮಕ್ಕಳು ದಾರ ಹಿಡಿದು ಆಡಿಸುವುದು ಇವು ಔಷಧಿಯಷ್ಟೇ ಪ್ರಯೋಜನಕಾರಿ. ಕಾಸೂ ಖರ್ಚಿಲ್ಲ.

ನೀರಿನ ಅಂಶ ಹೆಚ್ಚಿಸುವುದು ಎಲ್ಲಕ್ಕಿಂತ ಮುಖ್ಯ. ಅಂಗಡಿಯ ಒಣ ಆಹಾರವನ್ನು ಮಾತ್ರ ತಿನ್ನುವ ಬೆಕ್ಕಿನ ಮೂತ್ರ ಇನ್ನಷ್ಟು ಗಾಢವಾಗುತ್ತದೆ. ಬೂತಾಯಿಯೋ ಬಂಗುಡೆಯೋ ತಂದ ದಿನ ಉಪ್ಪು, ಹುಳಿ, ಖಾರ, ನೀರುಳ್ಳಿ ಹಾಕುವ ಮೊದಲೇ ಒಂದು ತುಂಡನ್ನು ಬೇರೆಯಾಗಿ ಬೇಯಿಸಿ ಆ ನೀರಿನ ಸಮೇತ ಕೊಡಬಹುದು. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ಕೇಡು. ಉಪ್ಪಿನ ಒಣಮೀನು ಕೂಡ ಬೇಡ. ಕುಡಿಯುವ ನೀರಿನ ಪಾತ್ರೆಯನ್ನು ಊಟದ ತಟ್ಟೆಯಿಂದ ಸ್ವಲ್ಪ ದೂರ ಇಟ್ಟು ದಿನಾಲೂ ಬದಲಿಸಿ.

ವಯಸ್ಸಾದ ಬೆಕ್ಕಿನ ಮಾತು ಬೇರೆ. ಹತ್ತು ವರ್ಷ ದಾಟಿದ ಬೆಕ್ಕು ಹನಿ ಹನಿಯಲ್ಲ, ದೊಡ್ಡ ಕೆರೆಯನ್ನೇ ಮಾಡುತ್ತಿದ್ದು ಬಹಳ ನೀರು ಕುಡಿಯುತ್ತಿದ್ದರೆ ಮೂತ್ರಪಿಂಡದ ರೋಗ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಕೀಲುನೋವಿದ್ದರೆ ಎತ್ತರದ ಅಂಚಿನ ಪೆಟ್ಟಿಗೆಗೆ ಹತ್ತಲಾಗದು. ಅದಕ್ಕೆ ಒಂದು ಬದಿಯ ಅಂಚನ್ನು ಕತ್ತರಿಸಿ ತಗ್ಗು ಮಾಡಿಕೊಟ್ಟರಾಯಿತು.

ಇನ್ನು ಇದು ಮೂತ್ರ ಮಾಡುವುದೋ ಅಥವಾ ಗುರುತು ಹಾಕುವುದೋ ಎಂಬುದನ್ನು ನೋಡಿಕೊಳ್ಳಬೇಕು. ಕುಕ್ಕರಿಸಿ ಕೂತು ನೆಲದ ಮೇಲೆ ಮಾಡಿದರೆ ಅದು ಮೂತ್ರವಿಸರ್ಜನೆ. ನಿಂತುಕೊಂಡು, ಹಿಂಬದಿಯನ್ನು ಗೋಡೆಗೋ ಪರದೆಗೋ ತಿರುಗಿಸಿ, ಬಾಲ ಮೇಲೆತ್ತಿ ನಡುಗಿಸುತ್ತಾ ಚಿಮ್ಮಿಸಿದರೆ ಅದು ಗುರುತು. ಈ ಜಾಗ ನನ್ನದೆಂದು ಇತರ ಬೆಕ್ಕುಗಳಿಗೆ ಬರೆದ ಕಾಗದ. ಬೀಜ ತೆಗೆಯದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು; ಬೆದೆಗೆ ಬಂದ ಹೆಣ್ಣೂ ಮಾಡುತ್ತದೆ. ಇದಕ್ಕೆ ಪೆಟ್ಟಿಗೆ ಬದಲಿಸಿ ಪ್ರಯೋಜನವಿಲ್ಲ. ಶಸ್ತ್ರಚಿಕಿತ್ಸೆಯೇ ಪರಿಹಾರ. ಅದನ್ನು ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಈ ಚಾಳಿಯನ್ನು ಬಿಡುತ್ತವೆ ಇಲ್ಲವೇ ತೀರ ಕಡಿಮೆ ಮಾಡುತ್ತವೆ. ಕೆಲವು ತಕ್ಷಣ ಬಿಡುತ್ತವೆ, ಕೆಲವಕ್ಕೆ ವಾರಗಳು ಹಿಡಿಯುತ್ತವೆ.

ಈಗ ಪೆಟ್ಟಿಗೆಯ ವಿಚಾರಕ್ಕೆ ಬರೋಣ. ಪೇಟೆಯ ಅಂಗಡಿಗಳಲ್ಲಿ ಸಿಗುವ ಬೆಕ್ಕಿನ ಮಣ್ಣು ನಮಗೆ ಹೊಸದಾದರೂ ಅದರ ಕಥೆ ಹಳೆಯದು. ಅಮೇರಿಕದ ಮಿಷಿಗನ್ ರಾಜ್ಯದಲ್ಲಿ 1947ರಲ್ಲಿ ನೆರೆಮನೆಯ ಹೆಂಗಸೊಬ್ಬರು ಬೆಕ್ಕಿನ ಪೆಟ್ಟಿಗೆಗೆ ಹಾಕಲು ಮರಳು ಕೇಳಿಕೊಂಡು ಬಂದಾಗ ಎಡ್ವರ್ಡ್ ಲೋ ಎಂಬವರು ಎಣ್ಣೆ ಹೀರಲು ಬಳಸುವ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟರಂತೆ; ಅದೇ ಮುಂದೆ ದೊಡ್ಡ ವ್ಯಾಪಾರವಾಯಿತು. ಅದಕ್ಕೆ ಮೊದಲು ಅಲ್ಲಿಯವರೂ ಬೂದಿ, ಮರಳು, ಮರದ ಹುಡಿಯನ್ನೇ ಉಪಯೋಗಿಸುತ್ತಿದ್ದರು. ನಾವೂ ಹಾಗೆಯೇ ಮಾಡಬಹುದು. ಒದ್ದೆಯಾದಲ್ಲಿ ಉಂಡೆಗಟ್ಟುವ ಬೆಂಟೊನೈಟ್ ಮಣ್ಣು ಅನುಕೂಲವೇನೋ ಹೌದು, ಆದರೆ ತಿಂಗಳು ತಿಂಗಳು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಜರಡಿ ಹಿಡಿದು ಬಿಸಿಲಲ್ಲಿ ಒಣಗಿಸಿದ ನುಣ್ಣಗಿನ ಮರಳು ಬೆಕ್ಕಿಗೆ ಬಹಳ ಇಷ್ಟ. ಎಂ ಸ್ಯಾಂಡ್ ಬಳಸುವುದಾದರೆ ತೊಳೆದು ಧೂಳು ತೆಗೆದು ಒಣಗಿಸಿ ಹಾಕಿ. ತೆಂಗಿನ ನಾರಿನ ಹುಡಿ ಚೆನ್ನಾಗಿ ಹೀರುತ್ತದೆ, ವಾಸನೆಯನ್ನೂ ತಡೆಯುತ್ತದೆ. ಕಾಲಿಗೆ ಅಂಟಿ ಮನೆಯಿಡೀ ಹರಡುವುದೊಂದೇ ಅದರ ದೋಷ. ಮರದ ಮಿಲ್ಲಿನ ಹುಡಿಯೂ ಆದೀತು, ಆದರೆ ಗೆದ್ದಲಿನ ಔಷಧಿ ಬಳಿದ ಮರದ್ದು ಬೇಡ. ಬರೇ ಉಮಿ ತೀರ ಹಗುರ, ಹೀರುವುದೂ ಕಡಿಮೆ. ಮರಳಿಗೆ ಬೆರಸಿದರೆ ನಡೆಯುತ್ತದೆ. ಬೂದಿ ಒದ್ದೆಯಾದರೆ ಪಾದ ಸುಡುವಷ್ಟು ಕ್ಷಾರ, ಹಾಗಾಗಿ ಬೂದಿಯನ್ನು ಮಾತ್ರ ತುಂಬಬಾರದು. ಸುವಾಸನೆ ಹಾಕಿದ ಮಣ್ಣು ನಮ್ಮ ಮೂಗಿಗೆ ಹಿತವೆನಿಸಿದರೂ ಅನೇಕ ಬೆಕ್ಕುಗಳು ಅದನ್ನು ಮೂಸಿ ಹಿಂದೆ ಸರಿಯುತ್ತವೆ.

ಪೆಟ್ಟಿಗೆಯೆಂದರೆ ಹಳೆಯ ಪ್ಲಾಸ್ಟಿಕ್ ಬೇಸಿನು ಸಾಕು, ಆದರೆ ಚಿಕ್ಕದಾಗಬಾರದು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಾಲು ಇರಬೇಕು; ಒಳಗೆ ತಿರುಗಿ ಕೆದಕಲು ಜಾಗ ಬೇಕಲ್ಲವೇ. ಎರಡು ಅಂಗುಲ ಎತ್ತರಕ್ಕೆ ಮರಳು ಹಾಕಿದರೆ ಸರಿ. ಒಂದು ಬೆಕ್ಕಿಗೆ ಎರಡು, ಎರಡು ಬೆಕ್ಕಿಗೆ ಮೂರು ಎಂಬುದು ಪಶುವೈದ್ಯರು ಹೇಳುವ ಲೆಕ್ಕ. ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟರೆ ಬೆಕ್ಕಿನ ದೃಷ್ಟಿಯಲ್ಲಿ ಅದು ಒಂದೇ ಪೆಟ್ಟಿಗೆ. ಜೋರು ಬೆಕ್ಕು ಬಾಗಿಲಲ್ಲಿ ಕಾದು ಕೂತರೆ ಪಾಪದ ಬೆಕ್ಕು ಬೇರೆಲ್ಲಿಗೆ ಹೋಗಬೇಕು? ಜಾಗ ಗದ್ದಲವಿಲ್ಲದ್ದಾಗಿರಲಿ. ವಾಷಿಂಗ್ ಮೆಷಿನಿನ ಪಕ್ಕ, ನಾಯಿ ಮಲಗುವ ಕಡೆ, ಊಟದ ತಟ್ಟೆಯ ಬಳಿ ಇಡಬಾರದು. ಉಂಡಲ್ಲೇ ಮಲಮೂತ್ರ ಮಾಡಲು ನಾವಾದರೂ ಒಪ್ಪುತ್ತೇವೆಯೇ?

ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಶುಚಿತ್ವದಲ್ಲಿ. ಪೆಟ್ಟಿಗೆ ಇಟ್ಟಿದ್ದೇವಲ್ಲ ಎನ್ನುವವರ ಮನೆಯಲ್ಲಿ ಇಣುಕಿದರೆ ನಾಲ್ಕು ದಿನದ ಮಲ ಅದರಲ್ಲಿರುತ್ತದೆ. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಚುರುಕು. ನಮಗೆ ಅಸಹ್ಯವಾಗುವ ಮೊದಲೇ ಅದಕ್ಕೆ ಅಸಹ್ಯವಾಗಿರುತ್ತದೆ. ದಿನಕ್ಕೆ ಒಂದು ಸಲವಾದರೂ, ಆದರೆ ಎರಡು ಸಲ, ಹಳೆಯ ತೂತಿನ ಸೌಟಿನಲ್ಲಿ ಮಲವನ್ನೂ ಒದ್ದೆ ಮರಳನ್ನೂ ತೆಗೆಯಬೇಕು. ವಾರಕ್ಕೊಮ್ಮೆ ಎಲ್ಲವನ್ನೂ ಚೆಲ್ಲಿ ಬೇಸಿನನ್ನು ಸಾದಾ ಸಾಬೂನು ನೀರಿನಲ್ಲಿ ತೊಳೆದು ಬಿಸಿಲಿಗೆ ಇಡಬೇಕು.

ಇಲ್ಲಿ ಫಿನಾಯಿಲಿನ ಬಗ್ಗೆ ಒತ್ತಿ ಹೇಳಲೇಬೇಕು. ನಮ್ಮ ಕಡೆ ಯಾವ ವಾಸನೆಗೂ ಮದ್ದು ಫಿನಾಯಿಲೇ. ಕಪ್ಪು ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಅದು ಒಳಗೆ ಹೋಗುತ್ತದೆ. ಡೆಟ್ಟಾಲ್ ಕೂಡ ಇದೇ ಗುಂಪಿಗೆ ಸೇರಿದ್ದು. ನುಸಿಗುಳಿಗೆಯನ್ನು ಮೂಲೆಗಳಲ್ಲಿ ಹಾಕುವವರಿದ್ದಾರೆ. ಅದೂ ವಿಷ, ಬೆಕ್ಕಿಗೆ ಮಾತ್ರವಲ್ಲ, ತೆವಳುವ ಮಗುವಿಗೂ. ಬ್ಲೀಚಿಂಗ್ ಪೌಡರನ್ನು ಮೂತ್ರದ ಮೇಲೆ ನೇರವಾಗಿ ಸುರಿದರೆ ಕೆಮ್ಮು ಬರಿಸುವ ವಿಷಗಾಳಿ ಏಳುತ್ತದೆ. ಅಮೋನಿಯ ಇರುವ ದ್ರಾವಣದಲ್ಲಿ ಒರಸಿದರೆ ಅದರ ವಾಸನೆ ಮೂತ್ರದ್ದನ್ನೇ ಹೋಲುವುದರಿಂದ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ. ಅಂದ ಹಾಗೆ, ಗೇಟಿನ ಬಳಿ ತೂಗಿಸುವ ನೀಲಿ ನೀರಿನ ಬಾಟಲಿಯನ್ನು ಕೆಲವರು ಈಗ ಸೋಫಾದ ಪಕ್ಕದಲ್ಲಿಯೂ ಇಡುತ್ತಿದ್ದಾರೆ. ಅದನ್ನು ಕಂಡು ಹೆದರಿದ ಬೆಕ್ಕನ್ನು ನಾವಂತೂ ಇದುವರೆಗೆ ನೋಡಿಲ್ಲ.

ಸರಿಯಾದ ಕ್ರಮ ಹೀಗಿದೆ. ಒದ್ದೆಯನ್ನು ಕಂಡ ಕೂಡಲೇ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ತಣ್ಣೀರಿನಲ್ಲಿ ಒರಸಿ, ವಿನೆಗರಿಗೆ ಅದರ ಎರಡು ಪಾಲು ನೀರು ಬೆರಸಿ ಹತ್ತು ನಿಮಿಷ ನೆನೆಯಲು ಬಿಡಿ. ಮತ್ತೆ ಒರಸಿ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗುಡಿಸಿ ತೆಗೆಯಿರಿ. ಮಾರ್ಬಲ್ ನೆಲಕ್ಕೆ ವಿನೆಗರ್ ಹಾಕಿದರೆ ಹೊಳಪು ಹೋಗುತ್ತದೆ, ಅಲ್ಲಿ ಸಾಬೂನು ನೀರು ಸಾಕು. ಹಾಸಿಗೆಯ ಆಳಕ್ಕೆ ಇಳಿದಿದ್ದರೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್ಜೈಮ್ ದ್ರಾವಣವೇ ಬೇಕಾಗುತ್ತದೆ. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಸುಲಭವಾಗಿ ಕರಗದೆ ಉಳಿದು, ಮಳೆಗಾಲದ ತೇವಕ್ಕೆ ಮತ್ತೆ ವಾಸನೆ ಬಿಡುತ್ತವೆ. ಬೇಸಗೆಯಲ್ಲಿ ಹೋಯಿತೆಂದುಕೊಂಡ ವಾಸನೆ ಜೂನ್ ತಿಂಗಳಲ್ಲಿ ತಿರುಗಿ ಬರುವುದರ ಗುಟ್ಟು ಇದೇ. ಎಲ್ಲಿ ಮಾಡಿದೆಯೆಂದು ಗೊತ್ತಾಗದಿದ್ದರೆ ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚನ್ನು ರಾತ್ರಿ ದೀಪ ಆರಿಸಿ ಹಿಡಿದು ನೋಡಿ. ಒಣಗಿದ ಮೂತ್ರ ಹಳದಿ ಹಸಿರಾಗಿ ಹೊಳೆಯುತ್ತದೆ. ತೊಳೆದ ಆ ಜಾಗದಲ್ಲೇ ಕೆಲವು ದಿನ ಬೆಕ್ಕಿಗೆ ಊಟ ಹಾಕಿದರೆ ಅದು ಅಲ್ಲಿ ಮತ್ತೆ ಒದ್ದೆ ಮಾಡಲು ಹಿಂಜರಿಯುತ್ತದೆ.

ಬೆಕ್ಕಿನ ಮೂಗನ್ನು ಮೂತ್ರಕ್ಕೆ ತಿಕ್ಕಿ ಹೊಡೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅರ್ಧ ಗಂಟೆ ಹಿಂದೆ ಮಾಡಿದ್ದಕ್ಕೂ ಈಗಿನ ಪೆಟ್ಟಿಗೂ ಇರುವ ಸಂಬಂಧ ಬೆಕ್ಕಿಗೆ ತಿಳಿಯುವುದಿಲ್ಲ. ಅದು ಕಲಿಯುವುದು ಒಂದೇ ಪಾಠ: ಈ ಮನುಷ್ಯ ಅಪಾಯಕಾರಿ, ಇವನು ಕಾಣದ ಹಾಗೆ ಕಪಾಟಿನ ಹಿಂದೆ ಮಾಡಬೇಕು. ಹೆದರಿಕೆಯಿಂದ ಒತ್ತಡ, ಒತ್ತಡದಿಂದ ಮತ್ತೆ ಉರಿಯೂತ.

ಮನೆಯಲ್ಲಿ ಗರ್ಭಿಣಿಯರಿದ್ದರೆ ಬೆಕ್ಕನ್ನು ಓಡಿಸಬೇಕೆಂದು ಹಿರಿಯರು ಹೇಳುವುದುಂಟು. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯ ಕಾರಣದಿಂದ ಈ ಭಯ ಹುಟ್ಟಿದೆ. ಅದು ಗರ್ಭದಲ್ಲಿರುವ ಶಿಶುವಿಗೆ ನಿಜಕ್ಕೂ ಹಾನಿ ಮಾಡಬಲ್ಲದು, ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಅದು ಇರುವುದು ಬೆಕ್ಕಿನ ಮಲದಲ್ಲಿ, ಮೂತ್ರದಲ್ಲಿ ಅಲ್ಲ. ಮಲ ಬಿದ್ದು ಒಂದರಿಂದ ಐದು ದಿನಗಳಾದ ಮೇಲೆಯೇ ಅದು ಸೋಂಕು ಹರಡುವ ಸ್ಥಿತಿಗೆ ಬರುತ್ತದೆ. ಆದುದರಿಂದ ಪೆಟ್ಟಿಗೆಯನ್ನು ದಿನಾಲೂ ಶುಚಿ ಮಾಡಿದರೆ, ಮತ್ತು ಆ ಕೆಲಸವನ್ನು ಗರ್ಭಿಣಿಯ ಬದಲು ಗಂಡನೋ ಅತ್ತೆಯೋ ಮಾಡಿದರೆ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ. ಬೇರೆ ಯಾರೂ ಇಲ್ಲದಿದ್ದರೆ ಕೈಚೀಲ ಹಾಕಿ, ಕೊನೆಗೆ ಸಾಬೂನಿನಿಂದ ಕೈ ತೊಳೆಯಲಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿ, ಬರಿಗೈಯಲ್ಲಿ ತೋಟದ ಮಣ್ಣು ಮುಟ್ಟುವುದು ಇವುಗಳಿಂದಲೂ ಅದೇ ಸೋಂಕು ಬರುತ್ತದೆಂಬುದನ್ನು ಮರೆಯಬಾರದು. ತೆಗೆದ ಕಸವನ್ನು ಬಾವಿಯಿಂದ ದೂರ, ತರಕಾರಿ ಬೆಳೆಯದ ಮೂಲೆಯಲ್ಲಿ ಒಂದು ಮೊಳ ಆಳಕ್ಕೆ ಹೂಳಬೇಕು. ಬಸಳೆ ಚಪ್ಪರದ ಬುಡಕ್ಕೆ ಗೊಬ್ಬರವೆಂದು ಹಾಕಲೇಬಾರದು. ತೇವವಿರುವ ಮಣ್ಣಿನಲ್ಲಿ ಆ ಪರೋಪಜೀವಿಯ ತತ್ತಿಗಳು ವರ್ಷಕ್ಕೂ ಮೀರಿ ಬದುಕುತ್ತವೆ.

ಕೃಷಿಕರಿಗೆ ಒಂದು ಮಾತು. ಸುಲಿದ ಅಡಿಕೆಯ ಗೋಣಿಗೆ ಬೆಕ್ಕು ಒಮ್ಮೆ ಮೂತ್ರ ಮಾಡಿತೆಂದರೆ ವಾಸನೆಯ ಜೊತೆಗೆ ತೇವವೂ ಒಳಗೆ ಸೇರಿ ಬೂಷ್ಟು ಹಿಡಿಯುತ್ತದೆ. ಆ ಭಾಗದ ಅಡಿಕೆಯನ್ನು ಕೂಡಲೇ ಬೇರ್ಪಡಿಸಬೇಕು, ಗೋಣಿಯನ್ನು ಬದಲಿಸಬೇಕು. ದಾಸ್ತಾನು ಕೋಣೆಯ ಗೋಣಿಗಳನ್ನು ಮರದ ಹಲಗೆಯ ಮೇಲಿಟ್ಟು ದಪ್ಪ ಟರ್ಪಾಲು ಹೊದಿಸಿ, ಬಾಗಿಲ ಬಳಿ ಒಂದು ಮರಳಿನ ಬೇಸಿನು ಇಟ್ಟರೆ ಬೆಕ್ಕು ಅದನ್ನೇ ಆರಿಸುತ್ತದೆ. ಬೆಕ್ಕನ್ನೇ ಹೊರಹಾಕಿದರೆ ಆ ಕೋಣೆಗೆ ಇಲಿ ಬರುತ್ತದೆ. 2018ರ ಪ್ರವಾಹದ ಬಳಿಕ ಕೇರಳದಲ್ಲಿ ಇಲಿಜ್ವರ ಎಷ್ಟು ಮಂದಿಯನ್ನು ಕಾಡಿತೆಂದು ಎಲ್ಲರಿಗೂ ನೆನಪಿದೆ. ಬೆಕ್ಕೊಂದೇ ಇಲಿಜ್ವರಕ್ಕೆ ರಕ್ಷಣೆಯೆಂದು ನಾವು ಹೇಳುವುದಿಲ್ಲ, ಆದರೆ ಧಾನ್ಯ, ಅಡಿಕೆ ಇರುವ ಮನೆಯಲ್ಲಿ ಅದರ ದುಡಿಮೆಗೆ ಬೆಲೆಯಿದೆ.

ಬಡವರ ಮನೆಯಲ್ಲಿ ಊಟಕ್ಕೇ ಕಷ್ಟವಿರುವಾಗ ಬೆಕ್ಕಿಗೆ ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ಅನಾವಶ್ಯಕವಾಗಿ ನರಳಿಸುವುದು ಮಾನವ ಘನತೆಗೆ ವಿರುದ್ಧವೆನ್ನುತ್ತದೆ. ಅದೇ ಜಾಗದಲ್ಲಿ, ಮನುಷ್ಯರ ಸಂಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತರವಲ್ಲವೆನ್ನುತ್ತದೆ. ನಾವು ಮೇಲೆ ಹೇಳಿದ ಹಳೆಯ ಬೇಸಿನು, ಜರಡಿ ಹಿಡಿದ ಮರಳು, ತೂತಿನ ಸೌಟು ಇವು ಎರಡೂ ಮಾತುಗಳಿಗೆ ಹೊಂದುತ್ತವೆ. ಬೆಕ್ಕನ್ನು ಮಾರ್ಕೆಟಿನಲ್ಲಿ ಬಿಟ್ಟುಬರುವುದು ಮಾತ್ರ ಎರಡಕ್ಕೂ ಹೊಂದುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಹೊಸದಾಗಿ ಅಭ್ಯಾಸ ಮಾಡಿಸುವವರು ಬೆಕ್ಕನ್ನು ಮೊದಲ ಒಂದು ವಾರ ಪೆಟ್ಟಿಗೆ, ನೀರು, ಹಾಸಿಗೆ ಇರುವ ಒಂದೇ ಕೋಣೆಯಲ್ಲಿಟ್ಟು, ತಪ್ಪದೆ ಪೆಟ್ಟಿಗೆಯನ್ನೇ ಬಳಸತೊಡಗಿದ ಮೇಲೆ ಒಂದೊಂದಾಗಿ ಉಳಿದ ಕೋಣೆಗಳ ಬಾಗಿಲು ತೆರೆಯಬೇಕು. ಮಳೆ ಕಳೆದು ಪೆಟ್ಟಿಗೆಯನ್ನು ಜಗಲಿಗೆ ಸಾಗಿಸುವುದಿದ್ದರೆ ಒಮ್ಮೆಲೇ ಎತ್ತಿಡದೆ ದಿನಕ್ಕೆ ಒಂದೆರಡು ಗೇಣಿನಂತೆ ಸರಿಸಿಕೊಂಡು ಹೋಗಿ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ತಡಮಾಡಬೇಡಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಲ್ಲೇ ಬೆದೆಗೆ ಬಂದು, ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ. ಐದು ತಿಂಗಳು ತುಂಬುವ ಮೊದಲೇ ಗಂಡಾಗಲಿ ಹೆಣ್ಣಾಗಲಿ ನಿಮ್ಮ ಪಂಚಾಯತಿನ ಮೃಗಾಸ್ಪತ್ರೆಗೆ ಹೋಗಿ ಎಲ್ಲಿ, ಯಾವ ದಿನ ಮಾಡಿಸಬಹುದೆಂದು ವಿಚಾರಿಸಿ. ಹೋದಾಗಲೇ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಹಾಕಿಸಿ, ಏಕೆಂದರೆ ಆ ರೋಗ ಬೆಕ್ಕಿನ ಕಚ್ಚುವಿಕೆಯಿಂದಲೂ ಬರುತ್ತದೆ. ವೈದ್ಯರು ಹೇಳಿದಷ್ಟು ಹೊತ್ತು ಹೊಟ್ಟೆಗೆ ಏನೂ ಕೊಡದೆ, ಗೋಣಿಯಲ್ಲಿ ಕಟ್ಟದೆ, ಮುಚ್ಚಳವಿರುವ ಬುಟ್ಟಿಯಲ್ಲಿ ಅದರ ಹಳೆಯ ಬಟ್ಟೆ ಹಾಸಿ ಕೊಂಡೊಯ್ಯಿರಿ. ಮರಳಿ ತಂದ ಮೇಲೆ ಗಾಯಕ್ಕೆ ಮರಳು ಅಂಟದಂತೆ ಹತ್ತು ದಿನ ಬೇಸಿನಿನಲ್ಲಿ ಮರಳಿನ ಬದಲು ಹರಿದ ವೃತ್ತಪತ್ರಿಕೆಯ ಚೂರುಗಳನ್ನು ತುಂಬಿಡಿ.